ಅಕ್ಕನ ಬಲಗಡೆಯ ಕಿಡ್ನಿ

ನನ್ನ ಅಕ್ಕನ ಒಡಲಿನಿಂದ ಒಂದು ಇಡೀ ಕಿಡ್ನಿಯನ್ನು ತೆಗೆದು ಹಾಕಿದರು. ತೆಗೆದದ್ದನ್ನು ಆಕೆಗೆ ಹೇಳಲಿಲ್ಲ. ವರ್ಷಗಟ್ಟಲೆ ಹೇಳಲಿಲ್ಲ. 'ಹೋಗಲಿ ಬಿಡ್ರಿ, ಆ ಕಾಲವೇ ಹಾಗಿತ್ತು' ಎಂದು ನನಗೆ ಸಮಾಧಾನ ಹೇಳಿದವರು ಬಹಳ. ಕಾಲ ಯಾರ ಮಂಚದ ಪಕ್ಕವೂ ನಿಂತು ಸುಳ್ಳು ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ. ಆ ಮನುಷ್ಯರನ್ನು ನಾನು ಬಲ್ಲೆ, ಅವರ ಮನೆಯಲ್ಲಿ ಊಟ ಮಾಡಿದ್ದೇನೆ. ಆದ್ದರಿಂದಲೇ ನನ್ನ ಸಿಟ್ಟು ಇನ್ನೂ ಆರಿಲ್ಲ.

ನಮ್ಮದು ಬೀದರ್ ಕಡೆಯ ಮನೆತನ. ಅಪ್ಪ ನಿಜಾಮರ ಕಾಲದಲ್ಲಿ ಕಂದಾಯ ಕಚೇರಿಯ ನೌಕರಿಯ ಮೇಲೆ ಔರಂಗಾಬಾದಿಗೆ ಬಂದವರು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿದೆ. ನಾನು ಅಲ್ಲಿ ಬದುಕಿದ ವರ್ಷಗಳಲ್ಲಿ ಅದು ಔರಂಗಾಬಾದ್, ಹಾಗೇ ಬರೆಯುತ್ತೇನೆ. ಭಾಷೆಯ ಮೇಲೆ ರಾಜ್ಯಗಳು ಒಡೆದಾಗ ಅಪ್ಪ ಬೀದರಿಗೆ ಮರಳಲಿಲ್ಲ. ಅವರು ತೀರಿಹೋದ ಮೇಲೆ ಗುಲ್‌ಮಂಡಿ ಪೇಟೆಯ ಹಿಂದಿನ ಓಣಿಯಲ್ಲಿ ನಾನು, ಅವ್ವ ಇಬ್ಬರೇ. ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ, ನನ್ನ ಮಾತಿಗೆ ತೂಕವಿಲ್ಲವೆಂದು ತೋರಿಸಬೇಕಾದಾಗಲೆಲ್ಲ ಜನ ಅದನ್ನೇ ಮುಂದೆ ತರುತ್ತಿದ್ದರು. ಅಕ್ಕನನ್ನು ನಾಸಿಕಕ್ಕೆ ಕೊಟ್ಟಿತ್ತು. ಅವರೂ ಬೀದರ್ ಕಡೆಯವರೇ, ಅರಿವೆ ವ್ಯಾಪಾರಿಗಳು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಭಾವ ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವ ಮನಸ್ಸು ನನಗೆ ಬರಲಿಕ್ಕಿಲ್ಲ.

ಅರವತ್ತರ ದಶಕದ ಕೊನೆಯ ಹೊತ್ತು. ಅಕ್ಕ ಪಂಚಮಿಗೆಂದು ತವರಿಗೆ ಬಂದಿದ್ದಳು. ಉಂಡೆ ಕಟ್ಟುತ್ತ ಕೂತವಳು ಅವ್ವ ಹಿತ್ತಲಿಗೆ ಹೋದದ್ದನ್ನು ನೋಡಿ ನನ್ನ ಕಡೆ ಬಾಗಿ ಪಿಸುಗುಟ್ಟಿದಳು.

"ಒಂದಕ್ಕ ಹೋದ್ರ ರಗತ ಬರ್ಲಿಕತ್ತದ. ನೋವಿಲ್ಲ ಏನಿಲ್ಲ. ಸುಮ್ನ ಕೆಂಪಗ."

"ಯಾವಾಗಿಂದ?"

"ಬ್ಯಾಸಗಿಯಿಂದ."

"ಮನ್ಯಾಗ ಹೇಳಿಲ್ಲ?"

"ಅತ್ತಿಯವ್ರಿಗೆ ಹೇಳ್ದೆ. ಉಷ್ಣ ಅಂದ್ರು. ಸಬ್ಜಾ ಬೀಜ ನೆನಸಿ ಕೊಟ್ರು."

ಬೇಸಿಗೆ ಕಳೆದು ಮಳೆಗಾಲ ನಡುವಿಗೆ ಬಂದಿತ್ತು. ಅಷ್ಟು ತಿಂಗಳು ಆಕೆ ಸಬ್ಜಾ ಬೀಜ ಕುಡಿದಿದ್ದಳು.

ಅಪ್ಪನ ಪರಿಚಯದ ಸರ್ಜನ್ ಒಬ್ಬರು ಊರಿನ ದೊಡ್ಡ ಆಸ್ಪತ್ರೆಯಲ್ಲಿದ್ದರು. ಕಲಬುರಗಿಯವರು, ಹೈದರಾಬಾದಿನಲ್ಲಿ ಓದಿದವರು. ಮರುದಿನವೇ ಅಕ್ಕನನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ತೋಳಿನ ನರಕ್ಕೆ ಬಣ್ಣದ ಮದ್ದು ಚುಚ್ಚಿ, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಎಕ್ಸ್‌ರೇ ತೆಗೆದರು. ಆ ಮದ್ದು ರಕ್ತದಿಂದ ಕಿಡ್ನಿಗೆ ಇಳಿದಾಗ ಕಿಡ್ನಿಯ ಆಕಾರ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ. ಆಗ ಇದ್ದದ್ದು ಅದೊಂದೇ; ಇಂದಿನ ಹಾಗೆ ಹೊಟ್ಟೆಯ ಮೇಲೆ ಯಂತ್ರ ಆಡಿಸಿ ಒಳಗಿನದನ್ನೆಲ್ಲ ನೋಡುವ ದಾರಿ ಇರಲಿಲ್ಲ.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಕ್ಕನಿಗೇ ತೋರಿಸಿದರು, ನನಗಲ್ಲ.

"ನೋಡವ್ವ, ಇದು ಬಲಗಡೀದು. ಕೆಳಗಿನ ತುದಿಗೆ ಒಂದು ಗಂಟು ಬೆಳದದ. ಇದನ್ನ ಬಿಡಲಿಕ್ಕ ಬರೂದಿಲ್ಲ, ತೆಗೀಬೇಕು. ಇದು ಎಡಗಡೀದು. ನಿನಗ ಸಣ್ಣಾಕಿದ್ದಾಗ ಜ್ವರ, ಉರಿಮೂತ್ರ ಭಾಳ ಬರ್ತಿತ್ತೇನು?"

"ಬರ್ತಿತ್ರಿ," ಎಂದಳು ಅಕ್ಕ. "ಅವ್ವ ಹೇಳ್ತಾಳ."

"ಅದಕ್ಕ ಇದು ಸಣ್ಣದಾಗಿ ಉಳದದ. ಮದ್ದು ಇದರಾಗ ತಡಾ ಆಗಿ ಇಳೀತು. ಕೆಲಸ ಮಾಡ್ತದ, ಆದ್ರ ಪೂರಾ ಅಲ್ಲ."

ಆಮೇಲೆ ಅವರು ಹೇಳಿದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೋ. ಎರಡು ದಾರಿ ಇದೆ ಎಂದರು. ಒಂದು, ಪಕ್ಕೆಯನ್ನು ಕೊಯ್ದು ಬಲಗಡೆಯ ಕಿಡ್ನಿಯನ್ನು ಸುತ್ತಲಿನ ಕೊಬ್ಬಿನ ಸಮೇತ ಪೂರ್ತಿ ತೆಗೆಯುವುದು. ಎಲ್ಲ ಕಡೆ ನಡೆಯುವುದು ಅದೇ. ಕೆಟ್ಟದ್ದರ ಬೀಜ ಅಲ್ಲಿ ಉಳಿಯುವ ಭಯ ಕಡಿಮೆ, ಆಪರೇಷನ್ನೂ ಸುಸೂತ್ರ. ಆದರೆ ಆಮೇಲೆ ಬದುಕಿಡೀ ಆ ಸಣ್ಣ ಎಡಕಿಡ್ನಿಯೊಂದೇ ಎರಡರ ಕೆಲಸ ಮಾಡಬೇಕು. ಇನ್ನೊಂದು, ಗಂಟಿರುವ ತುದಿಯನ್ನಷ್ಟೇ ಕೊಯ್ದು ಉಳಿದದ್ದನ್ನು ಹೊಲಿದು ಉಳಿಸುವುದು. ರಕ್ತ ಬಹಳ ಹೋಗಬಹುದು. ಹೊಲಿದ ಜಾಗದಿಂದ ಮೂತ್ರ ಸೋರಿ ಗಾಯ ಒಣಗುವುದು ತಡವಾಗಬಹುದು. ಬೀಜ ಒಂದು ಉಳಿದರೆ ಮತ್ತೆ ಕೊಯ್ಯಬೇಕಾದೀತು. ಎರಡೂ ಕಿಡ್ನಿ ಗಟ್ಟಿಯಿದ್ದವರಿಗೆ ಈ ದಾರಿಯನ್ನು ತಾವು ಹೇಳುತ್ತಲೇ ಇರಲಿಲ್ಲ ಎಂದರು.

ಅಕ್ಕ ಕೇಳಿದಳು. "ಬದನಿಕಾಯಿ ತುದಿಗೆ ಹುಳ ಹತ್ತಿದ್ರ ತುದಿ ಅಷ್ಟ ಕೊಯ್ದು ಒಗಿತೀವಿ. ಹಂಗೇನ್ರಿ?"

"ಹಂಗ. ಆದ್ರ ಬದನಿಕಾಯಿ ಕೊಯ್ದಾಗ ಹುಳ ಎಲ್ಲಿ ತನಕ ಹೋಗ್ಯದ ಅಂತ ಕಣ್ಣಿಗೆ ಕಾಣ್ತದ. ಇಲ್ಲಿ ನನಗ ತೆಗದು ನೋಡೂ ತನಕ ಗೊತ್ತಾಗೂದಿಲ್ಲ. ತೆಗದ ಮ್ಯಾಲೂ ಪೂರಾ ಗೊತ್ತಾಗೂದಿಲ್ಲ. ನಾ ಹಿಂಥಾವು ಭಾಳ ಮಾಡಿಲ್ಲ, ಅದನ್ನೂ ಹೇಳ್ತೀನಿ."

"ಎರಡೂ ಕಡೀ ಅಂಜಿಕಿ ಅದಲ್ರಿ."

"ಅದ ಅವ್ವ. ಅದಕ್ಕ ನಿನಗ ಕೇಳ್ಲಿಕತ್ತೀನಿ. ಒಡಲು ನಿಂದು."

ಅಕ್ಕ ಅಂದು ಮನೆಗೆ ಬಂದು ಅವ್ವನ ಹತ್ತಿರ ಕೂತು ಎಲ್ಲ ಹೇಳಿದಳು. ಅವ್ವ ಅತ್ತಳು, ಎಲ್ಲೋರದ ಗುಹೆಗಳ ಪಕ್ಕದ ವೇರೂಳಿನ ಘೃಷ್ಣೇಶ್ವರನಿಗೆ ಹರಕೆ ಹೊತ್ತಳು. ಅಕ್ಕ ಅಳಲಿಲ್ಲ. ಸಂಜೆಯ ಹೊತ್ತಿಗೆ ತೀರ್ಮಾನ ಮಾಡಿದ್ದಳು. "ತುದಿ ಅಷ್ಟ ತೆಗೀಲಿ. ಮತ್ತ ಬಂದ್ರ ಮತ್ತ ನೋಡಮು. ನನ್ನ ಮಕ್ಕಳು ಸಣ್ಣವ್ ಅವ, ನನಗ ಭಾಳ ವರ್ಷ ಬೇಕಾಗ್ಯಾವ." ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಹೆಂಗಸು. ತನ್ನ ಒಡಲಿನ ಬಗ್ಗೆ ಅಷ್ಟು ಸ್ಪಷ್ಟವಾಗಿ ಯೋಚಿಸಿದ್ದಳು. ತೀರ್ಮಾನ ಸರಿಯೋ ತಪ್ಪೋ, ಅದು ಬೇರೆ ಮಾತು. ಅದು ಆಕೆಯದಾಗಿತ್ತು.

ಭಾವ ನಾಸಿಕದಿಂದ ಬಂದರು. ಡಾಕ್ಟರು ಅವರಿಗೂ ಎಲ್ಲವನ್ನೂ ಹೇಳಿದರು. ಭಾವ ತಲೆದೂಗಿ ಕೇಳಿಸಿಕೊಂಡು ಆಪರೇಷನ್ ನಾಸಿಕದಲ್ಲೇ ಆಗಲಿ ಎಂದರು. ಅಲ್ಲಿ ಹೆಸರಾದ ಸರ್ಜನ್ ಒಬ್ಬರಿದ್ದಾರೆ, ಸ್ವಂತದ ಆಸ್ಪತ್ರೆ, ಮನೆಯಿಂದ ಊಟ ಒಯ್ಯಬಹುದು, ಮಕ್ಕಳು ಕಣ್ಣೆದುರಿಗಿರುತ್ತಾರೆ. ನಾನು ಅಡ್ಡ ಬಂದೆ.

"ಭಾವ, ಈ ಡಾಕ್ಟರು ಅಕ್ಕನ ಜೋಡಿ ಕೂತು ಮಾತಾಡ್ಯಾರ. ಇಲ್ಲೇ ಆಗ್ಲಿ. ನಾ ರಜಾ ಹಾಕಿ ನೋಡ್ಕೋತೀನಿ."

"ನಿನ್ನ ಮಾಸ್ತರ್ಕಿ ಸಾಲ್ಯಾಗ ಇರ್ಲಿ," ಎಂದರು ಭಾವ. "ಮನಿ ಸಂಸಾರದ ಮಾತು ನಿನಗ ತಿಳೀದು."

ಅಕ್ಕ ನಡುವೆ ಬಾಯಿ ಹಾಕಿ, "ಅಲ್ಲಿ ಡಾಕ್ಟರಿಗೆ ತುದಿ ಅಷ್ಟ ಅಂತ ಹೇಳ್ತೀರಿಲ್ಲೋ?" ಎಂದು ಕೇಳಿದಳು. "ಹೇಳ್ತೀನಿ," ಎಂದರು ಭಾವ. ಆಕೆ ನಂಬಿದಳು. ಗಂಡನ ಮಾತನ್ನು ನಂಬಿದ್ದು ತಪ್ಪೇ?

ಆಪರೇಷನ್ನಿನ ಹೊತ್ತಿಗೆ ನಾನೂ ಅವ್ವನೂ ಮನಮಾಡದಲ್ಲಿ ರೈಲು ಬದಲಿಸಿ ನಾಸಿಕಕ್ಕೆ ಹೋದೆವು. ಆ ಸರ್ಜನ್ ಎತ್ತರದ, ಬೆಳ್ಳಗಿನ, ಸದಾ ಅವಸರದಲ್ಲಿರುವ ಮನುಷ್ಯ. ಹೆಂಗಸರ ಗುಂಪಿನ ಕಡೆ ನೋಡದೆ ನೇರ ಭಾವನ ಹತ್ತಿರ ಹೋಗುತ್ತಿದ್ದರು. ಆಪರೇಷನ್ ಮುಗಿದ ಮೇಲೂ ಹಾಗೇ. ಭಾವನ ಭುಜ ತಟ್ಟಿ ಏನೋ ಹೇಳಿದರು. ಭಾವ ನಮ್ಮ ಹತ್ತಿರ ಬಂದು, "ಛಲೋ ಆಯ್ತು. ಗಂಟು ತೆಗದ್ರು," ಎಂದರು. ನಾನು ಕೇಳಿದೆ, "ತುದಿ ಅಷ್ಟೇ ಏನು?" "ಹೌದು, ಹೌದು." ಅವರ ಕಣ್ಣು ಆಗ ಅವ್ವನ ಸೀರೆಯ ಅಂಚಿನ ಮೇಲಿತ್ತು. ಅದನ್ನು ನಾನು ಆಗ ಆಯಾಸ ಎಂದುಕೊಂಡೆ.

ಅಕ್ಕನಿಗೆ ಎಚ್ಚರವಾದಾಗ ಕೇಳಿದ ಮೊದಲ ಮಾತೂ ಅದೇ. ಅತ್ತೆ ಹಣೆ ಸವರುತ್ತ ಹೇಳಿದರು, "ತುದಿ ತೆಗದಾರವ್ವ, ಉಳದದ್ದು ಅದ, ನಿಶ್ಚಿಂತಿ ಇರು." ಗಾಯ ಬೇಗ ಒಣಗಿತು. ಮೂತ್ರ ಸೋರಲಿಲ್ಲ. ಔರಂಗಾಬಾದಿನ ಡಾಕ್ಟರು ಹೆದರಿಸಿದ್ದೇನೂ ಆಗಲಿಲ್ಲವೆಂದು ಅಕ್ಕ ಖುಷಿಪಟ್ಟಳು. ಆಗುವುದು ಹೇಗೆ? ಸೋರಲು ಅಲ್ಲಿ ಏನು ಉಳಿದಿತ್ತು? ಮುಂಬಯಿಗೆ ಪರೀಕ್ಷೆಗೆ ಕಳಿಸಿದ್ದ ಗಂಟು ಕ್ಯಾನ್ಸರೇ ಎಂದು ಬಂತಂತೆ, ಆದರೆ ಬೇಗ ಸಿಕ್ಕಿದ್ದಂತೆ. ಅದನ್ನೂ ನಮಗೆ ಹೇಳಿದ್ದು ಬಹಳ ತಡವಾಗಿ.

ಆಕೆ ಓಡಾಡುವ ಹಾಗಾದ ಮೇಲೆ ಅವ್ವನ ಹರಕೆ ತೀರಿಸಲು ನಾವೆಲ್ಲ ವೇರೂಳಿಗೆ ಹೋದೆವು. ಭಾವ ಅಂಗಿ ಕಳಚಿ ಗರ್ಭಗುಡಿಯಲ್ಲಿ ಕೂತು ಲಿಂಗಕ್ಕೆ ಅಭಿಷೇಕ ಮಾಡಿದರು. ಅಕ್ಕ ಕೈಮುಗಿದು ನಿಂತು, "ಇದ್ದದ್ದು ಉಳಿಸಿಕೊಟ್ಟಿ ತಂದಿ," ಎಂದು ಗಟ್ಟಿಯಾಗಿ ಹೇಳಿದಳು. ಭಾವನಿಗೆ ಕೇಳಿಸಿತು. ನೀರು ಎರೆಯುವ ಅವರ ಕೈ ನಿಲ್ಲಲಿಲ್ಲ.

ಮುಂದಿನ ವರ್ಷಗಳಲ್ಲಿ ಅಕ್ಕ ಎರಡು ಕಿಡ್ನಿ ಇದ್ದವಳ ಹಾಗೆಯೇ ಬದುಕಿದಳು. ನಾನು ಸಿಟ್ಟಾಗುವುದು ಇಲ್ಲಿ. ಆಪರೇಷನ್ ಯಾವುದು ಸರಿ ಎಂಬುದರ ಮೇಲೆ ಡಾಕ್ಟರುಗಳು ಬೇಕಾದಷ್ಟು ವಾದಿಸಲಿ. ಆದರೆ ಸಣ್ಣದೊಂದು ಕಿಡ್ನಿಯ ಮೇಲೆ ಬದುಕುತ್ತಿರುವ ಹೆಂಗಸಿಗೆ ಅದು ಗೊತ್ತಿರಬೇಕೋ ಬೇಡವೋ? ಆಕೆಗೆ ತಲೆನೋವು ಶುರುವಾಗಿತ್ತು. ರಕ್ತದೊತ್ತಡ ಏರಿದ್ದರಿಂದ ಬರುತ್ತಿದ್ದ ತಲೆನೋವು ಅದು ಎಂದು ನಮಗೆ ಗೊತ್ತಾದದ್ದು ಆಮೇಲೆ. ಆಗ ಆಕೆ ದಿನಾ ಅಂಗಡಿಯಿಂದ ತಲೆನೋವಿನ ಗುಳಿಗೆ ತರಿಸಿ ಚಹಾದ ಜೊತೆ ನುಂಗುತ್ತಿದ್ದಳು. ಅತ್ತೆಯ ಮನೆಯಲ್ಲಿ ಉಪ್ಪಿನಕಾಯಿ, ಹಪ್ಪಳವಿಲ್ಲದ ಊಟ ಇರಲಿಲ್ಲ. ಯಾರೂ ಆಕೆಯ ಕೈ ತಡೆಯಲಿಲ್ಲ. ಯಾರೂ ಒಂದು ಸಲ ರಕ್ತದೊತ್ತಡ ನೋಡಿಸಲಿಲ್ಲ. ನೋಡಿಸಲು ಕರೆದೊಯ್ದರೆ ಯಾಕೆ ಎಂದು ಕೇಳುತ್ತಾಳಲ್ಲ!

ಗಂಡುಮಗು ಬೇಕೆಂದು ಮೂರನೆಯ ಬಸಿರೂ ಆಯಿತು. ಎಪ್ಪತ್ತರ ದಶಕ ಶುರುವಾಗಿತ್ತು. ಏಳು ತುಂಬುವ ಹೊತ್ತಿಗೆ ಆಕೆಯ ಕಾಲು, ಮುಖ ಊದಿಕೊಂಡವು. ಕಣ್ಣೆದುರು ಮಂಜು ಕವಿದ ಹಾಗೆ ಆಗುತ್ತದೆ ಎಂದು ಕಾಗದ ಬರೆದಳು. ನಾನು ಹೊರಟು ನಾಸಿಕ ತಲುಪುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಸತ್ತಿತ್ತು. ಹೆರಿಗೆ ಆಸ್ಪತ್ರೆಯ ಲೇಡಿ ಡಾಕ್ಟರು ಬಹಳ ಕಷ್ಟಪಟ್ಟು ಅಕ್ಕನನ್ನು ಉಳಿಸಿದ್ದರು.

ನಾನು ಮಂಚದ ಹತ್ತಿರ ಕೂತಿದ್ದೆ. ಲೇಡಿ ಡಾಕ್ಟರು ಹೊರಗೆ ಭಾವನ ಜೊತೆ ಮಾತಾಡಿ ಒಳಗೆ ಬಂದರು. ಮುಖ ಕೆಂಪಾಗಿತ್ತು. ಮರಾಠಿಯಲ್ಲಿ ಅಕ್ಕನಿಗೆ ಬಯ್ಯತೊಡಗಿದರು.

"ಒಂದೇ ಕಿಡ್ನಿ ಇದೆ ಅಂತ ಮೊದಲನೇ ದಿನವೇ ನನಗೆ ಹೇಳಬಾರದೇ? ಪಕ್ಕೆಯ ಗಾಯದ ಕಲೆ ನೋಡಿ ಕೇಳಿದರೆ ಸಣ್ಣ ಗಂಟು ತೆಗೆದರು ಅಂದಿರಿ. ಇಂಥದ್ದನ್ನು ಮುಚ್ಚಿಡುತ್ತಾರೆಯೇ? ಗೊತ್ತಿದ್ದರೆ ಮೂರನೇ ತಿಂಗಳಿಂದಲೇ ಕಣ್ಣಿಟ್ಟಿರುತ್ತಿದ್ದೆ!"

ಅಕ್ಕ ನನ್ನ ಮುಖ ನೋಡಿದಳು. ನಾನು ಆಕೆಯ ಮುಖ ನೋಡಿದೆ.

"ಏನಂದ್ರು ಇವ್ರು?" ಎಂದಳು. ಮರಾಠಿ ಆಕೆಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಆದರೂ ನನ್ನನ್ನು ಕೇಳಿದಳು.

ಲೇಡಿ ಡಾಕ್ಟರು ಅಷ್ಟರಲ್ಲಿ ಅರ್ಥ ಮಾಡಿಕೊಂಡರು. ಬಯ್ಯುವುದನ್ನು ನಿಲ್ಲಿಸಿ, ಸ್ಟೂಲು ಎಳೆದು ಕೂತು, ಅಕ್ಕನ ಕೈ ಹಿಡಿದು, "ನಿಮಗೆ ಗೊತ್ತಿರಲಿಲ್ಲವೇ?" ಎಂದು ಕೇಳಿದರು. ತನ್ನಿಂದ ಮುಚ್ಚಿಟ್ಟದ್ದನ್ನು ತಾನೇ ಮುಚ್ಚಿಟ್ಟಳೆಂದು, ಸತ್ತ ಮಗುವನ್ನು ಹೆತ್ತ ಹಾಸಿಗೆಯ ಮೇಲೆ ಬೈಗುಳ ತಿಂದ ಹೆಂಗಸನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಭಾವ ಒಳಗೆ ಬಂದರು. ಅಕ್ಕ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ತಿರುಗದೆ ಕೇಳಿದಳು.

"ಎಲ್ಲಿ ಒಗದ್ರಿ ಅದನ್ನ?"

ಭಾವ ಕೈಯಲ್ಲಿದ್ದ ಔಷಧಿಯ ಚೀಟಿಯನ್ನು ಮಡಚಿದರು.

"ನನ್ನ ಕಿಡ್ನಿ, ಎಲ್ಲಿ ಒಗದ್ರಿ ಅಂತ ಕೇಳ್ಲಿಕತ್ತೀನಿ."

"ನಿನ್ನ ಮನಸಿಗೆ ಹತ್ತಬಾರದು ಅಂತ ಹೇಳ್ಲಿಲ್ಲ," ಎಂದರು ಭಾವ. "ಆಪರೇಷನ್ ಹಿಂದಿನ ದಿನ ಡಾಕ್ಟರು ಕರದು, ಅರ್ಧಾ ಕೊಯ್ಯೂದು ಗಿಯ್ಯೂದು ನಮ್ಮಲ್ಲಿ ಇಲ್ಲ, ಪೂರಾ ತೆಗಿಯೂದೇ ಛಲೋ ಅಂದ್ರು. ನಾ ಹ್ಞೂಂ ಅಂದೆ. ನಿನಗ ಹೇಳಿದ್ರ ಆಪರೇಷನ್ನೇ ಬ್ಯಾಡ ಅಂತಿದ್ದಿ."

"ಅಂತಿದ್ನೋ ಇಲ್ಲೋ, ಅನ್ಲಿಕ್ಕರ ಬಿಟ್ಟಿದ್ರಿ?"

ಅತ್ತೆಯೂ ಬಂದು ನಿಂತಿದ್ದರು. ಅವರಿಗೂ ಮೊದಲಿನಿಂದ ಗೊತ್ತಿತ್ತು. ಸಮಜಾಯಿಷಿ ಕೊಡುವ ಉತ್ಸಾಹದಲ್ಲಿ ಇನ್ನೂ ಕೆಟ್ಟದ್ದನ್ನು ಹೇಳಿದರು. "ಮನ್ಯಾಗ ಎರಡು ಹೆಣ್ಮಕ್ಕಳು ಅವ. ತಾಯಿ ಒಡಲಾಗ ಒಂದು ಅಂಗ ಇಲ್ಲ ಅಂತ ಗೊತ್ತಾದ್ರ ನಾಳಿ ಅವಕ್ಕ ಯಾರು ಬರ್ತಾರವ್ವ?"

ನಾನು ಎದ್ದು ನಿಂತೆ. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆಸ್ಪತ್ರೆಯ ಆಯಾ ಬಂದು ನನ್ನನ್ನು ಹೊರಗೆ ಕರೆದೊಯ್ದಳು ಎಂದರೆ ಸಾಕು. ಇಂದಿಗೂ ಆ ಮಾತುಗಳಲ್ಲಿ ಒಂದನ್ನೂ ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಅಕ್ಕ ಮೈ ಚೇತರಿಸಿಕೊಂಡ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಆ ಸರ್ಜನ್ನರ ಆಸ್ಪತ್ರೆಗೆ ಹೋದದ್ದು. ನಾನು ಜೊತೆಗಿದ್ದೆ. ಭಾವ ಬರುತ್ತೇನೆಂದರೂ ಆಕೆ ಬೇಡವೆಂದಳು. ಸರ್ಜನ್ ನಮ್ಮನ್ನು ಕೂರಿಸಿದರು, ಕಂಪೌಂಡರನಿಗೆ ಹಳೆಯ ಕಾಗದ ತರಲು ಹೇಳಿ ತಿರುವಿ ಹಾಕಿದರು.

"ಒಳಗೆ ತೆರೆದು ನೋಡಿದಾಗ ಗಂಟು ನಡುವಿನವರೆಗೆ ಹೋಗಿತ್ತು," ಎಂದರು. "ಪೂರ್ತಿ ತೆಗೆಯದೆ ದಾರಿಯಿರಲಿಲ್ಲ. ನೀವು ಬದುಕಿದ್ದೀರಿ. ಗಂಟು ಮತ್ತೆ ಬಂದಿಲ್ಲ. ಇನ್ನೇನು ಬೇಕು?"

"ನಮ್ಮ ಮನೆಯವರು ನೀವು ಹಿಂದಿನ ದಿನವೇ ಹೇಳಿದ್ದಿರಿ ಅಂತಾರೆ," ಎಂದಳು ಅಕ್ಕ ಮರಾಠಿಯಲ್ಲಿ.

"ಅವರಿಗೆ ನೆನಪು ತಪ್ಪಿರಬೇಕು."

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದರು. ಯಾರು ಎಂಬುದು ನಮಗೆ ಕೊನೆಗೂ ತಿಳಿಯಲಿಲ್ಲ. ತನ್ನ ಒಡಲಿಗೆ ಏನಾಯಿತು, ಯಾಕಾಯಿತು ಎಂಬ ನಿಜ ಅಕ್ಕನಿಗೆ ಸಿಗಲೇ ಇಲ್ಲ.

"ಆಯಿತು ಡಾಕ್ಟರ್," ಎಂದಳು ಅಕ್ಕ. "ತೆರೆದು ನೋಡಿದಿರಿ, ಹಾಗೆ ಕಂಡಿತು, ತೆಗೆದಿರಿ. ನಾನು ನಿದ್ದೆಯಲ್ಲಿದ್ದೆ, ಕೇಳಲಿಕ್ಕೆ ಆಗುತ್ತಿರಲಿಲ್ಲ. ಒಪ್ಪಿದೆ. ಎಚ್ಚರವಾದ ಮೇಲೆ ನಾನು ಇಲ್ಲೇ ಮಲಗಿದ್ದೆ. ನೀವು ದಿನಾ ಬೆಳಿಗ್ಗೆ ಬರುತ್ತಿದ್ದಿರಿ. ನಿದ್ದೆ ಬಂತೇ, ಊಟ ಸೇರಿತೇ ಅಂತ ಕೇಳುತ್ತಿದ್ದಿರಿ. ನಿಮ್ಮ ಚಾಕುವಿನ ಮೇಲೆ ನನ್ನ ತಕರಾರಿಲ್ಲ. ನಾಲಿಗೆ ಯಾಕೆ ಹೊರಳಲಿಲ್ಲ?"

"ಹೆಂಗಸರು ಗಾಬರಿಯಾಗುತ್ತಾರೆ. ಹೇಳುವುದು ಬಿಡುವುದು ನಾವು ಮನೆಯವರಿಗೆ ಬಿಡುತ್ತೇವೆ."

"ಮನೆಯವರು ಅಂದರೆ ಯಾರು? ನಾನು ಮನೆಯವಳಲ್ಲವೇ?"

ಅವರು ಗಂಟೆ ಬಾರಿಸಿದರು. ಮುಂದಿನ ರೋಗಿಯನ್ನು ಒಳಗೆ ಬಿಡುವ ಗಂಟೆ. ನಾವು ಎದ್ದೆವು. ಬಾಗಿಲಲ್ಲಿ ಅವರು ನನ್ನನ್ನು ಕರೆದು ಮೆಲ್ಲಗೆ, "ನಿಮ್ಮ ಅಕ್ಕನಿಗೆ ಸ್ವಲ್ಪ ತಿಳಿಹೇಳಿ, ಕೃತಜ್ಞತೆ ಇರಬೇಕು," ಎಂದರು. ಆಗಲೂ ಆಕೆಗೆ ಹೇಳದೆ ನನಗೆ ಹೇಳಿದರು.

ಅಕ್ಕ ಮಕ್ಕಳನ್ನು ಕಟ್ಟಿಕೊಂಡು ಔರಂಗಾಬಾದಿಗೆ ಬಂದು ಒಂದು ಮಳೆಗಾಲ ನಮ್ಮಲ್ಲೇ ಇದ್ದಳು. ಮೊದಲು ನೋಡಿದ್ದ ಕಲಬುರಗಿಯ ಡಾಕ್ಟರು ಮತ್ತೆ ಬಣ್ಣದ ಮದ್ದು ಚುಚ್ಚಿ ಎಕ್ಸ್‌ರೇ ತೆಗೆಸಿದರು. ಎಡಕಿಡ್ನಿ ಮೊದಲಿಗಿಂತಲೂ ಸೋತಿತ್ತು. ಮೂತ್ರದಲ್ಲಿ ಸತ್ವ ಸೋರಿ ಹೋಗುತ್ತಿತ್ತು, ರಕ್ತದೊತ್ತಡ ಏರಿತ್ತು. ಅವರು ಉಪ್ಪು ಬಿಡಿಸಿದರು, ತಲೆನೋವಿನ ಗುಳಿಗೆಯನ್ನು ಕೈಯಿಂದ ಮುಟ್ಟಕೂಡದು ಎಂದರು, ಇನ್ನು ಬಸಿರು ಬೇಡವೇ ಬೇಡ ಎಂದರು.

"ಈ ಗುಳಿಗಿ ದಿನಾ ತಗೊಂಡದ್ದು ಇದಕ್ಕ ವಿಷ ಹಾಕಿದಂಗ ಆಗ್ಯದ ಅವ್ವ. ಮೊದಲ ಗೊತ್ತಿದ್ರ..." ಎಂದು ನಿಲ್ಲಿಸಿದರು.

"ಡಾಕ್ಟರೇ, ನೀವು ಕೊಯ್ದಿದ್ರ ತುದಿಗೇ ಮುಗೀತಿತ್ತೇನ್ರಿ?" ಎಂದು ಅಕ್ಕ ಕೇಳಿದಳು.

ಅವರು ಬಹಳ ಹೊತ್ತು ಎಕ್ಸ್‌ರೇಯನ್ನೇ ನೋಡಿದರು. "ಗೊತ್ತಿಲ್ಲ ಅವ್ವ. ಖರೇ ಹೇಳ್ತೀನಿ, ಗೊತ್ತಿಲ್ಲ. ನಾನೂ ಟೇಬಲ್ ಮ್ಯಾಲ ಪೂರಾ ತೆಗೀಬೇಕಾಗ್ತಿತ್ತೋ ಏನೋ. ಅಥವಾ ಉಳೀತಿತ್ತೋ ಏನೋ."

"ಆದ್ರ ಎದ್ದ ಮ್ಯಾಲ ನನಗ ಹೇಳ್ತಿದ್ರಿ."

"ಹೇಳ್ತಿದ್ದೆ."

ಈ ನಾಸಿಕದ ಡಾಕ್ಟರ ಮೇಲೆ ಎಲ್ಲಾದರೂ ದೂರು ಕೊಡಲು ಬರುತ್ತದೆಯೇ, ನೀವು ಸಾಕ್ಷಿ ಹೇಳುತ್ತೀರಾ ಎಂದು ನಾನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಮ್ಮ ನಮ್ಮೊಳಗ ಹಂಗ ಮಾತಾಡೂದು ಬರೂದಿಲ್ಲವ್ವ," ಎಂದರು. ಆ ಒಳ್ಳೆಯ ಮನುಷ್ಯನ ಮೇಲೂ ನನಗೆ ಅಂದು ಸಿಟ್ಟು ಬಂತು. ಇಂದಿಗೂ ಇದೆ. ರೋಗಿಯೆದುರು ಅಷ್ಟು ನೇರವಾಗಿ ಮಾತಾಡಬಲ್ಲವರಿಗೆ ತಮ್ಮ ವೃತ್ತಿಯವರೆದುರು ಮಾತಾಡಲು ಬರಲಿಲ್ಲ.

ಅಕ್ಕ ನಾಸಿಕಕ್ಕೆ ಮರಳಿದಳು. ಮಕ್ಕಳ ಶಾಲೆ ಅಲ್ಲಿತ್ತು, ಮನೆ ಅಲ್ಲಿತ್ತು. ಆದರೆ ಹೋಗುವ ಮುಂಚೆ ಭಾವನನ್ನು ಕರೆಸಿ, ಅವ್ವನ ಎದುರಿಗೆ, ಇನ್ನು ಮುಂದೆ ಯಾವ ಡಾಕ್ಟರೂ ತನ್ನ ಬಗ್ಗೆ ತನಗೆ ಹೇಳುವ ಮೊದಲು ಗಂಡನಿಗೆ ಹೇಳಕೂಡದು ಎಂದು ಒಪ್ಪಿಸಿಕೊಂಡಳು. ಭಾವ ತಲೆ ತಗ್ಗಿಸಿ ಒಪ್ಪಿದರು. ಆಮೇಲೆ ಆಕೆಯ ಒಲೆಯ ಮೇಲೆ ಎರಡು ಪಲ್ಯದ ಬೋಗುಣಿ ಇರುತ್ತಿದ್ದವು, ಉಪ್ಪಿದ್ದದ್ದೊಂದು, ಉಪ್ಪಿಲ್ಲದ್ದೊಂದು. ನಾನು ಹೋದಾಗ ಉಪ್ಪಿಲ್ಲದ್ದನ್ನು ತಿಂದು ನೋಡಿದ್ದೇನೆ. ಮುಖ ಕಿವುಚದೆ ನುಂಗುವುದು ಸುಲಭವಲ್ಲ. ಆಕೆ ಅದನ್ನು ದಿನಾ ತಿಂದಳು, ದೂರದೆ. ದೂರುವುದೆಲ್ಲ ನನ್ನ ಪಾಲಿಗೆ ಬಿಟ್ಟಿದ್ದಳು.

ಕೆಲವು ವರ್ಷಗಳ ಮೇಲೆ ಅತ್ತೆಗೆ ಕಾಯಿಲೆಯಾಯಿತು. ಮುಟ್ಟು ನಿಂತು ಎಷ್ಟೋ ವರ್ಷವಾದ ಹೆಂಗಸಿಗೆ ಮತ್ತೆ ರಕ್ತ ಹೋಗತೊಡಗಿತು. ನಾನು ಬೇಸಿಗೆ ರಜೆಗೆ ಅಲ್ಲಿಗೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಬೇರೊಬ್ಬ ಡಾಕ್ಟರು ಪರೀಕ್ಷೆ ಮಾಡಿ, ಹೊರಗೆ ಬಂದು, ಭಾವನನ್ನು ಪಡಸಾಲೆಯ ಮೂಲೆಗೆ ಕರೆದೊಯ್ದು ಮೆಲುದನಿಯಲ್ಲಿ ಹೇಳತೊಡಗಿದರು. ಅಕ್ಕ ಇದನ್ನು ನೋಡಿದಳು. ನಡೆದು ಹೋಗಿ ಇಬ್ಬರ ನಡುವೆ ನಿಂತಳು.

"ಒಳಗೆ ಬನ್ನಿ ಡಾಕ್ಟರ್. ಕಾಯಿಲೆ ಒಳಗೆ ಮಲಗಿದೆ."

"ವಯಸ್ಸಾದವರು, ಗಾಬರಿಯಾಗುತ್ತಾರೆ..."

"ಗಾಬರಿಯಾಗಲಿ. ಗಾಬರಿ ಕಳೆಯಲಿಕ್ಕೆ ನಾನಿದ್ದೇನೆ. ಗೊತ್ತಿಲ್ಲದ್ದನ್ನು ಕಳೆಯಲಿಕ್ಕೆ ಯಾರೂ ಇರುವುದಿಲ್ಲ."

ಭಾವ ಬಾಗಿಲು ತೆರೆದರು. ಡಾಕ್ಟರು ಒಳಗೆ ಹೋಗಿ ಅತ್ತೆಗೆ ಗರ್ಭಕೋಶದಲ್ಲಿ ಗಂಟಿದೆ, ಗರ್ಭಕೋಶವನ್ನೇ ತೆಗೆಯಬೇಕು ಎಂದು ಹೇಳಿದರು. ಅತ್ತೆ ನಿಜವಾಗಿಯೂ ಗಾಬರಿಯಾದರು, ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ತೆಗೆಯದಿದ್ದರೆ ಏನಾಗುತ್ತದೆ, ತೆಗೆದ ಮೇಲೆ ಎಷ್ಟು ದಿನಕ್ಕೆ ಪೂಜೆಗೆ ಕೂರಬಹುದು ಎಂದೆಲ್ಲ ಕೇಳಿದರು. ತೆಗೆಯಿರಿ ಎಂದರು. ತಾವೇ ಎಂದರು.

ಸಂಜೆ ಅಕ್ಕ ಗಂಜಿ ಕುಡಿಸುವಾಗ ಅತ್ತೆ ಆಕೆಯ ಕೈ ಹಿಡಿದರು. "ನಿನಗೂ ಹಿಂಗ ಹೇಳಬೇಕಿತ್ತವ್ವ."

"ಹೌದ್ರಿ, ಹೇಳಬೇಕಿತ್ತು," ಎಂದಳು ಅಕ್ಕ, ಮತ್ತೆ ಚಮಚ ಬಾಯಿಗೆ ಹಿಡಿದಳು. ಹೋಗಲಿ ಬಿಡ್ರಿ ಎನ್ನಲಿಲ್ಲ. ಎನ್ನದೆ ಇದ್ದದ್ದಕ್ಕೆ ನನಗೆ ಆಕೆಯ ಮೇಲೆ ಹೆಮ್ಮೆಯಾಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಂತೆ ಅಕ್ಕನಿಗೆ ಬಾಯಿರುಚಿ ಹೋಯಿತು, ಮೈ ತುರಿಸತೊಡಗಿತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ತೊಳೆಯುವ ಯಂತ್ರ ಮುಂಬಯಿಯಲ್ಲಿ ಎಲ್ಲೋ ಇದೆ ಎಂದು ಕೇಳಿದ್ದೆವು. ಅದು ನಮ್ಮಂಥವರ ಕೈಗೆಟಕುವ ಮಾತಾಗಿರಲಿಲ್ಲ. ಹಿರಿಯ ಮಗಳ ಮದುವೆಯನ್ನು ಆಕೆ ಕುರ್ಚಿಯ ಮೇಲೆ ಕೂತೇ ನಡೆಸಿದಳು. ಬೀಗರಿಗೆ ತನ್ನ ಆಪರೇಷನ್ನಿನ ವಿಷಯವನ್ನು ಮಾತುಕತೆಯ ಮೊದಲನೆಯ ದಿನವೇ ತಾನೇ ಹೇಳಿದ್ದಳು. ಅವರು ಎದ್ದು ಹೋಗಲಿಲ್ಲ. ಆಯಿತು ಎಂದು ಚಹಾ ಕುಡಿದರು. ಅತ್ತೆ ಅಷ್ಟು ವರ್ಷ ಹೆದರಿದ್ದು ಯಾವುದಕ್ಕೆ?

ಆ ಮದುವೆಯ ಮುಂದಿನ ಚಳಿಗಾಲದಲ್ಲಿ ಅಕ್ಕ ಹೋದಳು. ನಾಸಿಕದ ಮನೆಯಲ್ಲಿ ಮಾತಾಡಿಸಲು ಬಂದವರೆಲ್ಲ ಒಂದೇ ಮಾತು. "ಕ್ಯಾನ್ಸರ್ ಆಗಿತ್ತು ಪಾಪ. ಆ ಡಾಕ್ಟರ್ ಪುಣ್ಯಾತ್ಮ, ಇಷ್ಟು ವರ್ಷ ಉಳಿಸಿದ." ಮೂರು ದಿನ ಕೇಳಿಸಿಕೊಂಡೆ. ಆಮೇಲೆ ಬಂದವರೊಬ್ಬರಿಗೆ, "ಕ್ಯಾನ್ಸರ್‌ನಿಂದ ಸತ್ತಿಲ್ರಿ ನಮ್ಮಕ್ಕ. ಕಿಡ್ನಿ ಸೋತು ಸತ್ತಳು. ಒಂದೇ ಅದ ಅಂತ ಗೊತ್ತಿದ್ರ ಅದನ್ನ ಜ್ವಾಕಿ ಮಾಡಿ ಇಟ್ಕೋತಿದ್ದಳು," ಎಂದೆ. ಭಾವ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ತಡೆಯಲಿಲ್ಲ, ಹೌದು ಎಂದೂ ಹೇಳಲಿಲ್ಲ. ಬಂದವರು ಇದು ಮಾತಾಡುವ ಹೊತ್ತಲ್ಲವೆಂದು ನನಗೆ ಬುದ್ಧಿ ಹೇಳಿದರು. ಇದನ್ನು ಮಾತಾಡುವ ಹೊತ್ತು ಯಾವುದೆಂದು ಅವರನ್ನು ಕೇಳಿದೆ.